ಬೈಯದೆ ಮಾತಾಡಿದ ಮಧ್ಯಾಹ್ನ

ಮೇಡಂ ತೀರಿಕೊಂಡ ದಿನ ನಮ್ಮ ಡಾಕ್ಟರುಗಳ ವಾಟ್ಸಾಪ್ ಗುಂಪಿನಲ್ಲಿ ಬಂದ ಮೊದಲ ಸಂದೇಶದಲ್ಲಿ ‘ಮೃದುಭಾಷಿ, ಮಾತೃಹೃದಯಿ, ಸದಾ ನಗುಮೊಗದ ವೈದ್ಯೆ’ ಎಂದಿತ್ತು. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಓದಿದಾಗ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಬರೆದವರು ಅವರನ್ನು ಕಾಣದವರೇನಲ್ಲ, ಅವರ ಕ್ಲಿನಿಕ್ಕಿಗೆ ಕೂಗಳತೆಯಲ್ಲಿ ಕೂರುವ ಡಾಕ್ಟರೇ. ಸತ್ತವರೆಲ್ಲ ಮೃದುಭಾಷಿಗಳಾಗಿರಲೇಬೇಕೆಂದು ಎಲ್ಲಿ ಬರೆದಿದೆಯೋ ಕಾಣೆ. ನಾಗಸಂದ್ರದ ಆ ಗಲ್ಲಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಮೇಡಂ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ. ‘ಬಯ್ಯೋ ಡಾಕ್ಟ್ರು’ ಎಂದರೆ ಮಾತ್ರ ಕೈ ಹಿಡಿದುಕೊಂಡು ಹೋಗಿ ಬಾಗಿಲು ತೋರಿಸುತ್ತಾರೆ.

ಎಂಬಿಬಿಎಸ್ ಮುಗಿಸಿ, ಪಿಜಿ ಸೀಟು ಸಿಗದೆ, ಮನೆಯಲ್ಲಿ ಕೂತು ಓದಲೂ ಆಗದೆ ನಾನು ಅವರ ಹತ್ತಿರ ಸಹಾಯಕಿಯಾಗಿ ಸೇರಿದೆ. ತುಮಕೂರು ರಸ್ತೆಯ ಮೆಟ್ರೋ ಕಂಬಗಳ ಹಿಂದೆ, ಒಂದು ಹಾರ್ಡ್‌ವೇರ್ ಅಂಗಡಿಗೂ ಜೋಳದ ರೊಟ್ಟಿಯ ಮೆಸ್ಸಿಗೂ ನಡುವೆ ಅವರ ಕ್ಲಿನಿಕ್. ಸುತ್ತ ಪೀಣ್ಯದ ಶೆಡ್ಡುಗಳು. ಬರುವವರಲ್ಲಿ ಮುಕ್ಕಾಲು ಪಾಲು ಲೇತ್, ಪ್ರೆಸ್, ಪ್ಲೇಟಿಂಗ್ ಕೆಲಸದವರು. ಕಣ್ಣಿಗೆ ಕಬ್ಬಿಣದ ಪುಡಿ ಬಿದ್ದವರು, ಬೆರಳು ಸೀಳಿಕೊಂಡವರು, ಬೆನ್ನು ಹಿಡಿದುಕೊಂಡವರು. ಮೇಡಂ ದಪ್ಪ ಶರೀರದವರು. ಮಂಡಿ ನೋವಿಗೆಂದು ಹತ್ತಿ ಸೀರೆಯ ಕೆಳಗೆ ಓಡುವವರ ಬೂಟು ಹಾಕುತ್ತಿದ್ದರು. ಆ ಬೂಟಿನ ಸದ್ದು ಕೇಳಿದ ಕೂಡಲೇ ಬೆಂಚಿನ ಮೇಲೆ ಕೂತವರು ಮೊಬೈಲ್ ಒಳಗಿಟ್ಟುಕೊಳ್ಳುತ್ತಿದ್ದರು.

ಮೆಡಿಕಲ್ ಶಾಪಿನಿಂದ ತಾನೇ ಮಾತ್ರೆ ತಂದು ನುಂಗಿ, ಜ್ವರ ಬಿಡದಿದ್ದಾಗ ಬಂದವನಿಗೆ ಅವರು ಹೇಳುತ್ತಿದ್ದ ಮಾತು ಇದು: “ನೀನೇ ಡಾಕ್ಟ್ರಾ? ಹಾಗಾದ್ರೆ ಬಾ, ಈ ಕುರ್ಚೀಲಿ ಕೂತ್ಕೋ. ನಾನು ಹೊರಗೆ ಬೆಂಚ್ ಮೇಲೆ ಕೂರ್ತೀನಿ, ನಂಗೂ ಮಂಡಿ ನೋವಿದೆ, ನೋಡು.” ಸಕ್ಕರೆ ಕಾಯಿಲೆಯವರು ಬೈಸಿಕೊಳ್ಳದೆ ಹೊರಗೆ ಬಂದದ್ದನ್ನು ನಾನು ಕಂಡಿಲ್ಲ. ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವಳು ನಾನೇ. ಒಮ್ಮೆ ಒಬ್ಬ ರೋಗಿಯ ಚೀಟಿಯಲ್ಲಿ ‘ದೊಡ್ಡ ಆಸ್ಪತ್ರೆಗೆ ರೆಫರ್’ ಎಂದು ಬರೆದು ಸುಮ್ಮನೆ ಕೂತಿದ್ದೆ. ಚೀಟಿಯನ್ನು ನನ್ನ ಮುಂದೆ ತಂದು ಹಿಡಿದರು.

“ಕಳಿಸೋಕೆ ಮುಂಚೆ ನೀನೇನು ಮಾಡಿದೆ?”

“ಏನೂ ಇಲ್ಲ ಮೇಡಂ, ಅಲ್ಲೇ ನೋಡ್ತಾರಲ್ಲ ಅಂತ…”

“ಅಡ್ರೆಸ್ ಹೇಳೋಕೆ ಆಟೋದವನು ಸಾಕು ಕಣೇ. ನಿಂಗ್ಯಾಕೆ ಐದು ವರ್ಷ ಓದಿಸಿದ್ರು?”

ಆ ‘ರೆಫರ್’ ಎಂಬ ಪದದ ಮೇಲೆ ಅವರಿಗಿದ್ದ ಕೋಪಕ್ಕೆ ಕೊನೆಯಿರಲಿಲ್ಲ. ಕಳಿಸಬಾರದೆಂದಲ್ಲ, ದಿನವೂ ಎಷ್ಟೋ ಜನರನ್ನು ಅವರೇ ಕಳಿಸುತ್ತಿದ್ದರು. ಆದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸುವುದನ್ನು ಕಂಡರೆ ಉರಿದುಬೀಳುತ್ತಿದ್ದರು. ಅದರಲ್ಲೂ ತಲೆ ಕೆಟ್ಟಿದೆ ಎಂದು ಜನ ಹಿಡಿದುಕೊಂಡು ಬಂದವರ ವಿಷಯದಲ್ಲಿ. “ಅವರನ್ನ ಯಾರೂ ಮುಟ್ಟಿ ನೋಡಲ್ಲ. ಮೊದಲು ಮುಟ್ಟಿ ನೋಡು” ಎನ್ನುತ್ತಿದ್ದರು.

ಇದಕ್ಕೆ ಹಿಂದಿನ ಒಂದು ಕತೆಯೂ ಇತ್ತು. ಆ ಗಲ್ಲಿಯ ಮೂಲ ರೈತ ಮನೆತನದವರು ಮುನಿರಾಜಣ್ಣ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದು ನಾಲ್ಕು ಮಹಡಿಯ ಕಟ್ಟಡ, ಒಂದೊಂದು ರೂಮಿನಲ್ಲಿ ಮೂರು ನಾಲ್ಕು ಜನ ಬಾಡಿಗೆಗೆ. ಅವರ ತಾಯಿಗೆ ಒಂದು ಏಕಾದಶಿಯ ದಿನ ಮೈಮೇಲೆ ಏನೋ ಬಂದಿದೆಯೆಂದು ಮನೆಯಲ್ಲಿ ನಿಂಬೆಹಣ್ಣು ಕೊಯ್ದು ಕೂತಿದ್ದರು. ಮುದುಕಿ ಬಟ್ಟೆ ಕಿತ್ತೆಸೆದು ಸೊಸೆಗೆ ಹೊಡೆಯುತ್ತಿದ್ದರು. ಯಾರೋ ಮೇಡಂನ ಕರೆದರು. ಮೇಡಂ ಹೋದವರೇ ಬೆರಳು ಚುಚ್ಚಿ ಸಕ್ಕರೆ ನೋಡಿದರು. ಉಪವಾಸದ ದಿನವೂ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದ ಮುದುಕಿಯ ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಗ್ಲೂಕೋಸ್ ಒಳಗೆ ಹೋಗುತ್ತಲೇ ಆಕೆ ಸೆರಗು ಹುಡುಕಿ ಹೊದ್ದುಕೊಂಡು, “ಯಾಕಿಂಗೆ ಎಲ್ಲಾ ನಿಂತವ್ರೆ?” ಎಂದರಂತೆ. ಅಂದಿನಿಂದ ಮುನಿರಾಜಣ್ಣ ಮೇಡಂ ಹೇಳಿದ ಮಾತು ಮೀರುತ್ತಿರಲಿಲ್ಲ. ಕನಿಷ್ಠ ಅವರ ಎದುರಿಗೆ.

ಆ ಮಧ್ಯಾಹ್ನ ಬಂದದ್ದೂ ಮುನಿರಾಜಣ್ಣನೇ. ಬೆಳಗಿನ ರೋಗಿಗಳು ಮುಗಿದು ಮೇಡಂ ಮೊಸರನ್ನದ ಡಬ್ಬಿ ತೆಗೆದಿದ್ದರು. ಊಟಕ್ಕೆ ಅಡ್ಡ ಬಂದವರಿಗೆ ಬೈಗುಳ ದುಪ್ಪಟ್ಟು ಎಂದು ಗಲ್ಲಿಗೆಲ್ಲ ಗೊತ್ತು. ಮುಂದೆ ಸ್ಕೂಟರಿನಲ್ಲಿ ಮುನಿರಾಜಣ್ಣ, ಹಿಂದೆ ಸಾಮಾನು ಸಾಗಿಸುವ ಒಂದು ಸಣ್ಣ ಗಾಡಿ. ಗಾಡಿಯ ಹಿಂಭಾಗದಲ್ಲಿ ಖಾಲಿ ಕ್ರೇಟುಗಳ ನಡುವೆ ಒಬ್ಬ ಯುವಕನನ್ನು ಕೂರಿಸಿದ್ದರು. ಎರಡೂ ಕೈಗೆ ನೈಲಾನ್ ಹಗ್ಗ ಬಿಗಿದಿದ್ದರು. ಇಬ್ಬರು ಅವನ ಭುಜ ಅದುಮಿ ಹಿಡಿದಿದ್ದರು.

“ಮೇಡಂ, ಈ ನನ್ಮಗನಿಗೆ ಉಚ್ಚು ಇಡ್ದೈತೆ,” ಎಂದರು ಮುನಿರಾಜಣ್ಣ. “ಬೆಳಗ್ಗಿಂದ ಟೆರೇಸ್ ಮ್ಯಾಲೆ ನಿಂತವ್ನೆ. ಸಿಸಿಟಿವಿ ಕಿತ್ತಾಕ್ದ. ಸ್ಟೇಷನ್‌ಗೆ ಓದ್ರೆ ಆಸ್ಪತ್ರೆಗೆ ಓಗಿ ಅಂತಾರೆ. ಇಂಗೇ ಬಿಟ್ರೆ ಎಂಗೆ ಮೇಡಂ? ಎಂಗಸ್ರು ಮಕ್ಳಿರೋ ಬಿಲ್ಡಿಂಗು.”

ಭುಜ ಹಿಡಿದಿದ್ದವರಲ್ಲಿ ಒಬ್ಬ ಬಸು. ಯುವಕನ ಊರಿನವನೇ, ರೂಮಿನ ಜೊತೆಗಾರ. ಅಳು ಬರುವಂತಿತ್ತು ಅವನ ಮುಖ. “ನಿದ್ದಿ ಮಾಡಿ ಭಾಳ ದಿನಾ ಆತ್ರಿ ಮೇಡಂ. ಊಟಾನೂ ಒಲ್ಲ ಅಂತಾನ. ನಾನ ವಿಷಾ ಹಾಕೇನಿ ಅಂತಾನ್ರಿ. ಸಣ್ಣಾಂವ ಇದ್ದಾಗಿಂದ ಕೂಡಿ ಬೆಳದೇವ್ರಿ ನಾವು.”

ಮೇಡಂ ಡಬ್ಬಿಯ ಮುಚ್ಚಳ ಹಾಕಿದರು. ಬೈಗುಳ ಈಗ ಬಂತು, ಈಗ ಬಂತು ಎಂದು ನಾನು ಕಾದೆ. ಅವರು ಬಾಗಿಲಿಗೆ ಬಂದು, “ಹಗ್ಗ ಬಿಚ್ಚಿ” ಎಂದರು.

“ಬಿಚ್ಚಿದ್ರ ಓಡ್ತಾನ್ರಿ.”

“ಓಡಿದ್ರೆ ಹುಡುಕೋಣ. ಕಟ್ಟಿಹಾಕಿ ಮಾತಾಡೋಕೆ ನಂಗೆ ಬರಲ್ಲ. ಮುನಿರಾಜಣ್ಣ, ಬಿಚ್ಚಿಸಿ.”

ಬಿಚ್ಚಿದರು. ಮಣಿಕಟ್ಟಿನ ಸುತ್ತ ಚರ್ಮ ಕಿತ್ತು ಹಸಿಯಾಗಿತ್ತು. ಯುವಕ ಓಡಲಿಲ್ಲ. ಓಡುವುದಕ್ಕೆ ಎಲ್ಲಿಯೂ ಜಾಗವೇ ಇಲ್ಲವೆಂಬಂತೆ ಸುತ್ತ ನೋಡಿದ. ಮೇಡಂ ಕಣ್ಣಲ್ಲೇ ನನಗೆ ಸನ್ನೆ ಮಾಡಿ ಮೇಜಿನ ಮೇಲಿದ್ದ ಕತ್ತರಿ, ಟ್ರೇ, ಗಾಜಿನ ಪೇಪರ್‌ವೇಯ್ಟ್ ಎಲ್ಲ ತೆಗೆಸಿದರು. ಉಳಿದವರನ್ನು ಹೊರಗೆ ಕಳಿಸಿದರು. ಬಾಗಿಲು ತೆರೆದೇ ಇತ್ತು. ಅವನನ್ನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ತಾವು ಆ ಕೆಟ್ಟ ಮಂಡಿ ಮಡಿಸಿಕೊಂಡು ಗಿಡ್ಡ ಸ್ಟೂಲಿನ ಮೇಲೆ, ಅವನಿಗಿಂತ ತಗ್ಗಿನಲ್ಲಿ ಕೂತರು. ಅವನ ದಾರಿಗೆ ಅಡ್ಡವಾಗಿ ಕೂರಲಿಲ್ಲ. ತಮ್ಮ ದಾರಿಯನ್ನೂ ಮುಚ್ಚಿಕೊಳ್ಳಲಿಲ್ಲ.

“ನಿಮ್ಮ ಹೆಸರೇನಪ್ಪ?”

ಆ ದನಿ ನಾನು ಅದುವರೆಗೆ ಕೇಳಿರಲಿಲ್ಲ. ಬೈಯುವ ಗಂಟಲಿನೊಳಗೆ ಅಂಥದ್ದೊಂದು ದನಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

“ಗೊತ್ತಿದ್ದೂ ಕೇಳ್ತೀರಿ. ಎಲ್ಲಾರಿಗೂ ಕಳಿಸ್ಯಾರ ಅವರು.”

“ನಂಗೆ ಯಾರೂ ಏನೂ ಕಳಿಸಿಲ್ಲ. ಅದಕ್ಕೇ ಕೇಳ್ತಿದೀನಿ.”

ಅವನು ತೆರೆದ ಬಾಗಿಲ ಕಡೆ ನೋಡಿದ. ಮೇಡಂ ಅವಸರ ಮಾಡಲಿಲ್ಲ. “ಮಲ್ಲಿಕಾರ್ಜುನ,” ಎಂದ ಕೊನೆಗೆ. “ಮಲ್ಲು ಅಂತಾರ.”

“ನೀರು ಕುಡೀತೀರಾ ಮಲ್ಲು?” ಲೋಟ ಚಾಚಿದರು. ಅವನು ಹಿಂದೆ ಸರಿದ. ಮೇಡಂ ಅದೇ ಲೋಟದಿಂದ ಅರ್ಧ ಕುಡಿದು ಮತ್ತೆ ಚಾಚಿದರು. ಇಸಿದುಕೊಂಡು ಒಂದೇ ಉಸಿರಿಗೆ ಮುಗಿಸಿದ. ಎಷ್ಟು ದಿನದ ಬಾಯಾರಿಕೆಯೋ.

ಆಮೇಲೆ ಅವನೇ ಹೇಳಿದ. ಅವನು ಕೆಲಸ ಮಾಡುವ ಶೆಡ್ಡಿನಲ್ಲಿ ಪ್ರೆಸ್ ಮಷೀನು ಒಂದೊಂದು ಏಟು ಹೊಡೆಯುವಾಗಲೂ ಅವನ ಹೆಸರು ಹೇಳುತ್ತದೆ. ಸೂಪರ್‌ವೈಸರು ಅವನ ಫೋನಿನೊಳಗಿನಿಂದ ನೋಡುತ್ತಿರುತ್ತಾನೆ. ನೀರಿನ ಟ್ಯಾಂಕಿನಲ್ಲಿ ಕೂತು ಯಾರೋ ಅವನ ಮಾತನ್ನೆಲ್ಲ ಊರಿಗೆ ಮುಟ್ಟಿಸುತ್ತಿದ್ದಾರೆ. ಅಷ್ಟರಲ್ಲಿ ಗಲ್ಲಿಯಾಚೆಯ ಯಾವುದೋ ಶೆಡ್ಡಿನಲ್ಲಿ ಮಷೀನು ಧಡ್ ಧಡ್ ಎಂದು ಶುರುವಾಯಿತು. ಅವನು ಕಿವಿ ಮುಚ್ಚಿಕೊಂಡ.

“ಈಗೂ ಅನ್ನಾಕತ್ತದ. ನಿಮಗ ಕೇಳಂಗಿಲ್ಲೇನ್ರಿ?”

ಹೌದು ಎಂದರೆ ಸುಳ್ಳು. ಇಲ್ಲ, ನಿನ್ನ ಭ್ರಮೆ ಎಂದರೆ ಅವನು ಎದ್ದು ಹೋಗುತ್ತಾನೆ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೇಡಂ ತಲೆಯೋರೆ ಮಾಡಿ ನಿಜವಾಗಿಯೂ ಆಲಿಸಿದರು.

“ಮಷೀನ್ ಸದ್ದು ಕೇಳ್ತಿದೆ. ಹೆಸರು ನಂಗೆ ಕೇಳ್ತಿಲ್ಲ ಮಲ್ಲು. ಆದ್ರೆ ನಿಮಗೆ ಕೇಳ್ತಿದೆ, ನೀವು ಸುಳ್ಳು ಹೇಳ್ತಿಲ್ಲ, ಅದು ಗೊತ್ತು. ಇಷ್ಟು ದಿನದಿಂದ ಕೇಳಿ ಕೇಳಿ ಎಷ್ಟು ಸಾಕಾಗಿರಬೇಕು ನಿಮಗೆ.”

ಅವನು ಮೊದಲ ಸಲ ಅವರ ಮುಖ ನೋಡಿದ.

“ಆ ದನಿಗಳು ಸಾಯಿ ಅಂತಲೂ ಹೇಳ್ತವಾ?” ಎಂದರು ಮೇಡಂ.

ನಾನು ಬೆಚ್ಚಿದೆ. ಇಲ್ಲದ್ದನ್ನು ತಲೆಗೆ ತುಂಬಿದಂತಾಯಿತಲ್ಲ ಎನಿಸಿತು. ಅವನು ಮಾತ್ರ ಅದನ್ನು ಯಾರಾದರೂ ಕೇಳಲಿ ಎಂದೇ ಕಾದಿದ್ದವನಂತೆ, “ಹೂಂ ರೀ” ಎಂದ. “ಅದಕ್ಕ ಟೆರೇಸ್ ಮ್ಯಾಗ ಹೋಗಿದ್ದೆ. ಇವ್ರು ಬಂದು ಹಿಡದ್ರು.”

ಹೊರಗೆ ನಿಂತಿದ್ದ ಮುನಿರಾಜಣ್ಣನಿಗೂ ಅದು ಕೇಳಿಸಿತು. ಅವರು ಕೈಯಲ್ಲಿ ಸುತ್ತಿಕೊಂಡಿದ್ದ ಹಗ್ಗವನ್ನು ಗಾಡಿಯೊಳಕ್ಕೆ ಎಸೆದರು. ಮೇಡಂ ಆಮೇಲೆ ನನಗೆ ಹೇಳಿದ್ದು: “ಕೇಳಿದ್ರೆ ಸಾಯೋ ಯೋಚನೆ ಹೊಸದಾಗಿ ಹುಟ್ಟಲ್ಲ ಕಣೇ. ಕೇಳದೇ ಇದ್ರೆ ನಮಗೆ ಗೊತ್ತಾಗಲ್ಲ, ಅಷ್ಟೇ.”

ಮಾತಾಡುತ್ತಲೇ ಅವನ ಅಪ್ಪಣೆ ಕೇಳಿ ಕೈ ಮುಟ್ಟಿದರು. ನಾಡಿ, ಜ್ವರ, ರಕ್ತದೊತ್ತಡ, ಸಕ್ಕರೆ, ಕಣ್ಣಿನ ಪಾಪೆ ಎಲ್ಲ ನೋಡಿದರು. ತಲೆಗೆ ಪೆಟ್ಟು ಬಿದ್ದ ಗುರುತಿದೆಯೇ ಎಂದು ಕೂದಲೊಳಗೆ ಬೆರಳಾಡಿಸಿದರು. ಇವತ್ತು ಯಾವ ವಾರ, ಇದು ಯಾವ ಜಾಗ ಎಂದು ಕೇಳಿದರು. ಸರಿಯಾಗಿ ಹೇಳಿದ. ಹೊರಗೆ ಬಸುವನ್ನು ಕೇಳಿದರು, ಕುಡಿತವಿದೆಯಾ, ಗಾಂಜಾ ಇದೆಯಾ, ಇದ್ದಕ್ಕಿದ್ದಂತೆ ಬಿಟ್ಟನಾ, ಕೆಲಸದಲ್ಲಿ ಯಾವ ಕೆಮಿಕಲ್ಲು, ಫಿಟ್ಸ್ ಬಂದಿತ್ತಾ. “ಎಲಿ ಅಡಕಿ ಸೈತ ತಿನ್ನೂದಿಲ್ರಿ ಅಂವ” ಎಂದ ಬಸು. ಜ್ವರ ಮಿದುಳಿಗೆ ಏರಿದವನಿಗೂ ಕುಡಿತ ಬಿಟ್ಟು ನಡುಗುವವನಿಗೂ ಹೀಗೆ ಮನಸ್ಸು ಕದಡಿದವನಿಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಕಾಣುವುದಿಲ್ಲ. ಮೊದಲಿನ ಇಬ್ಬರಿಗೆ ಹೊತ್ತು ಗೊತ್ತು ತಪ್ಪಿರುತ್ತದೆ, ಎಚ್ಚರ ಬಂದು ಹೋಗಿ ಮಾಡುತ್ತಿರುತ್ತದೆ. ಅವರಿಗೆ ಬೇರೆಯೇ ಚಿಕಿತ್ಸೆ, ತಡ ಮಾಡಿದರೆ ಪ್ರಾಣಕ್ಕೇ ಸಂಚಕಾರ. ಮಲ್ಲುವಿಗೆ ಅದ್ಯಾವುದೂ ಅಲ್ಲವೆಂದು ಮೇಡಂಗೆ ಖಾತ್ರಿಯಾಯಿತು.

“ಮಲ್ಲು, ನೀವು ಮಲಗಬೇಕು. ಮಲಗಿದ್ರೆ ಅರ್ಧ ಕಷ್ಟ ಇಳಿಯುತ್ತೆ. ಮಾತ್ರೆ ಕೊಡ್ಲಾ, ಇಂಜೆಕ್ಷನ್ ಕೊಡ್ಲಾ? ನೀವೇ ಹೇಳಿ.”

ಮಾತ್ರೆ ಎನ್ನುತ್ತಾನೆಂದು ನಾನು ಅದನ್ನೇ ತೆಗೆದಿಟ್ಟಿದ್ದೆ. ಅವನು ಬಹಳ ಯೋಚಿಸಿ, “ಇಂಜೆಕ್ಷನ್ ಕೊಡ್ರಿ. ನನ್ನ ಮುಂದ ಬಾಟ್ಲಿ ಒಡೀರಿ” ಎಂದ. ಅವನ ಕಣ್ಣೆದುರೇ ಒಡೆದು, ಹೆಸರು ಓದಿ ಹೇಳಿ, ಕೊಟ್ಟರು. ಸ್ವಲ್ಪ ಹೊತ್ತಿಗೆ ಒಳಗಿನ ಮಂಚದ ಮೇಲೆ ಅವನು ನಿದ್ದೆ ಹೋದ. ಪಕ್ಕದಲ್ಲಿ ಕೂತು ಉಸಿರಾಟ, ರಕ್ತದೊತ್ತಡ ನೋಡಿಕೊಳ್ಳುವ ಕೆಲಸ ನನ್ನದು.

ಇಲ್ಲಿಯವರೆಗೆ ಎಲ್ಲ ಸಲೀಸು ಎನಿಸುತ್ತದೆ, ಅಲ್ಲವೇ? ಕಷ್ಟ ಶುರುವಾದದ್ದು ಅವನು ಮಲಗಿದ ಮೇಲೆ. ಅವನನ್ನು ಮನೋವೈದ್ಯರು ನೋಡಲೇಬೇಕಿತ್ತು. ಮೇಡಂ ಫೋನ್ ಹಿಡಿದು ಕೂತರು. ಆಂಬ್ಯುಲೆನ್ಸಿನವರು “ಪೇಶೆಂಟ್ ವಯಲೆಂಟಾ? ಹಾಗಾದ್ರೆ ಪೊಲೀಸ್ ಜೊತೆಗಿರಬೇಕು” ಎಂದರು. ಪೊಲೀಸರು “ಯಾರಿಗಾದ್ರೂ ಹೊಡೆದನಾ? ಇಲ್ವಾ? ಹಾಗಾದ್ರೆ ಕೇಸೇ ಅಲ್ವಲ್ಲ ಮೇಡಂ” ಎಂದರು. ಒಂದು ಖಾಸಗಿ ಆಸ್ಪತ್ರೆ ಅವನಿಗೆ ಬೇಕಾದ ವಾರ್ಡೇ ಇಲ್ಲವೆಂದಿತು. ಮತ್ತೊಂದರಲ್ಲಿ ವಾರ್ಡು ಇತ್ತು, ಹಾಸಿಗೆ ಇರಲಿಲ್ಲ. ಮೂರನೆಯವರು ಸಂಗೀತ ಹಾಕಿ ಕಾಯಿಸಿ, ಆಮೇಲೆ ಫೋನ್ ಕಟ್ ಮಾಡಿದರು. ಊರಿನ ಆ ತುದಿಯ ದೊಡ್ಡ ಸರ್ಕಾರಿ ಆಸ್ಪತ್ರೆಯವರು ಮಾತ್ರ ಕರೆತನ್ನಿ ಎಂದರು. ಆದರೆ ಮನೆಯವರೊಬ್ಬರು ಜೊತೆಗಿರಬೇಕೆಂದರು. ಮನೆಯವರು ವಿಜಯಪುರದ ಆಚೆಯ ಹಳ್ಳಿಯಲ್ಲಿದ್ದರು. ನಿದ್ದೆಯಲ್ಲಿರುವ ಒಬ್ಬ ಯುವಕನನ್ನು ತನ್ನವನೆಂದು ಒಪ್ಪಿಕೊಳ್ಳಲು ಇಷ್ಟು ದೊಡ್ಡ ಬೆಂಗಳೂರಿನಲ್ಲಿ ಒಬ್ಬರೂ ಇಲ್ಲ. ಫೋನ್ ಕೆಳಗಿಟ್ಟ ಮೇಡಂ ಬಾಯಿಗೆ ಬಂದಂತೆ ಬೈದರು. ಆಂಬ್ಯುಲೆನ್ಸಿಗೆ, ಆಸ್ಪತ್ರೆಗಳಿಗೆ, ಸರ್ಕಾರಕ್ಕೆ, ಒಣಗಿದ ಮೊಸರನ್ನಕ್ಕೆ, ನನಗೆ. ನನಗೂ ಅಳು ಬರುವಷ್ಟು ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆಂದು ಗೊತ್ತಿರಲಿಲ್ಲ.

ಕೊನೆಗೆ ಅವನನ್ನು ಕ್ಲಿನಿಕ್ಕಿನಲ್ಲೇ ಇಟ್ಟುಕೊಂಡರು. ತುರ್ತಿನಲ್ಲಿ ಯಾವ ಡಾಕ್ಟರು ಬೇಕಾದರೂ ಚಿಕಿತ್ಸೆ ಕೊಡಬಹುದೆಂದು ಕಾನೂನೇ ಹೇಳುತ್ತದೆ, ಯಾರೂ ಓದಿಲ್ಲ ಅಷ್ಟೇ ಎಂದು ಗೊಣಗಿದರು. ಬಸು ಊರಿಗೆ ಫೋನ್ ಮಾಡಿ ಬಾಗಿಲಲ್ಲಿ ಕಾದ. ಮರುದಿನ ಬೆಳಿಗ್ಗೆ ನಾನು ಹೋದಾಗ ಮೇಡಂ ಬೂಟು ಬಿಚ್ಚದೆ ಕುರ್ಚಿಯಲ್ಲೇ ಒರಗಿದ್ದರು. ಮಲ್ಲುವಿನ ಅಕ್ಕ ಗಂಗವ್ವ ಬಸ್ಸಿಳಿದು ಆಗಷ್ಟೇ ಬಂದಿದ್ದರು. ಅದೇ ಹೊತ್ತಿಗೆ ಮಲ್ಲುವಿನ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡು ನಿಂತುಬಿಟ್ಟಿತು. ಗಂಗವ್ವ ಎದೆ ಬಡಿದುಕೊಂಡರು. “ನನ್ ತಮ್ಮಗ ಏನ್ ಮಾಡೀರಿ?”

“ಔಷಧಿಯಿಂದ ಹೀಗಾಗುತ್ತೆ ಕೆಲವರಿಗೆ. ನಾನೇ ಕೊಟ್ಟಿದ್ದು, ನಾನೇ ಬಿಡಿಸ್ತೀನಿ. ಪಕ್ಕದಲ್ಲಿ ಕೂತು ಅವನ ಕೈ ಹಿಡ್ಕೊಳ್ಳಮ್ಮ,” ಎಂದು ಮೇಡಂ ಇನ್ನೊಂದು ಇಂಜೆಕ್ಷನ್ ಕೊಟ್ಟರು. ಗಂಗವ್ವ ನೋಡುತ್ತಿದ್ದಂತೆ ಕುತ್ತಿಗೆ ಸಡಿಲವಾಗಿ ನೆಟ್ಟಗಾಯಿತು. ಆಮೇಲೆ ಮೇಡಂ ತಮ್ಮದೇ ಕಾರಿನಲ್ಲಿ ಅಕ್ಕ ತಮ್ಮ ಇಬ್ಬರನ್ನೂ ಕೂರಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋದರು. ಕಳಿಸಲಿಲ್ಲ, ಕರೆದುಕೊಂಡು ಹೋದರು. ಅವನನ್ನು ಅಲ್ಲಿ ಸೇರಿಸಿಕೊಂಡರು.

ಕೆಲವು ವಾರಗಳಾದ ಮೇಲೆ ಮಾತ್ರೆ ಚೀಟಿ ಹಿಡಿದು ಮಲ್ಲು ನಮ್ಮಲ್ಲಿಗೇ ಬರತೊಡಗಿದ. ಮೈ ಸ್ವಲ್ಪ ಭಾರ, ಕೈ ಸ್ವಲ್ಪ ನಿಧಾನ, ಆದರೆ ಕಣ್ಣಲ್ಲಿ ಅವನೇ ಇದ್ದ. ಒಂದು ದಿನ ಹಿಂದಿನ ಎರಡು ಹೊತ್ತಿನ ಮಾತ್ರೆ ಮರೆತೆನೆಂದ. ಮೇಡಂ ಮೇಜು ಗುದ್ದಿ ಎದ್ದರು. “ಮರೆತ್ಯಾ? ರೊಟ್ಟಿ ತಿನ್ನೋದು ಮರೀತೀಯಾ? ಮೊಬೈಲ್ ಚಾರ್ಜ್ ಹಾಕೋದು ಮರೀತೀಯಾ?” ಹೊರಗಿನ ಬೆಂಚಿನವರೆಗೂ ಕೇಳಿಸಿತು. ಮಲ್ಲು ತಲೆ ತಗ್ಗಿಸಿ ನಕ್ಕ. ಪಕ್ಕದಲ್ಲಿದ್ದ ಗಂಗವ್ವ ಕಣ್ಣೊರೆಸಿಕೊಂಡು, “ಈಗ ನಂಬಿಕಿ ಬಂತ್ರಿ. ಎಲ್ಲಾರಂಗ ಅವಗೂ ಬೈದ್ರಿ” ಎಂದರು.

ಇದು ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲವೇನೋ. ಶೆಡ್ಡಿನವರು ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ರಜೆಗೆಂದು ಕೊಡುವ ಸರ್ಟಿಫಿಕೇಟಿನಲ್ಲಿ ಟೈಫಾಯ್ಡ್ ಎಂದು ಬರೆಯಿರೆಂದು ಗಂಗವ್ವ ಬೇಡಿಕೊಂಡಿದ್ದರು. ಹುಡುಗನಿಗೆ ಮದುವೆ ಗೊತ್ತಾಗಿತ್ತು. ಮೇಡಂ ಒಪ್ಪಲಿಲ್ಲ. “ಅನಾರೋಗ್ಯ ಅಂತ ಬರೀತೀನಿ. ಅದು ಸುಳ್ಳಲ್ಲ” ಎಂದರು. ಏನು ಬರೆದರೂ ಒಂದೇ ಆಗಿತ್ತು. ಹಗ್ಗ ಕಟ್ಟಿ ಗಾಡಿಯಲ್ಲಿ ಒಯ್ದದ್ದನ್ನು ಅರ್ಧ ಪೀಣ್ಯವೇ ನೋಡಿತ್ತು. ಮೇಡಂ ನನ್ನನ್ನು ಕರೆದುಕೊಂಡು ಶೆಡ್ಡಿಗೇ ಹೋದರು. ಅಲ್ಲಿನ ಮ್ಯಾನೇಜರು ತುಂಬ ಮರ್ಯಾದಸ್ಥ. ಕುರ್ಚಿ ಹಾಕಿಸಿದ, ಟೀ ತರಿಸಿದ.

“ಮೇಡಂ, ನಂಗೂ ಪಾಪ ಅನ್ಸುತ್ತೆ. ಆದ್ರೆ ಪ್ರೆಸ್ ಮುಂದೆ ಇಂಥವರನ್ನ ಹೇಗೆ ಬಿಡೋದು? ನಾಳೆ ಕೈ ಹೋದ್ರೆ?”

“ಪ್ರೆಸ್ ಬೇಡ, ಪ್ಯಾಕಿಂಗ್‌ಗೆ ಹಾಕಿ.”

“ನೋಡೋಣ ಮೇಡಂ. ಸೇಫ್ಟಿ ಪಾಲಿಸಿ ಇರುತ್ತಲ್ಲ.”

“ಸೇಫ್ಟಿ ಗಾರ್ಡ್ ಇಲ್ಲದ ಮಷೀನಲ್ಲಿ ಬೆರಳು ಕತ್ತರಿಸ್ಕೊಂಡು ವಾರಕ್ಕೊಬ್ಬ ನನ್ನ ಹತ್ರ ಬರ್ತಾನಲ್ಲಪ್ಪಾ, ಆಗೆಲ್ಲಿರುತ್ತೆ ನಿನ್ನ ಪಾಲಿಸಿ?”

ಅವನು ಮತ್ತೂ ಮರ್ಯಾದೆಯಿಂದ ಗೇಟಿನವರೆಗೆ ಬಂದು ಬೀಳ್ಕೊಟ್ಟ. ರೂಮಿನ ವಿಷಯದಲ್ಲಿ ಮುನಿರಾಜಣ್ಣನೂ ಹಾಗೆಯೇ. “ನೀವು ಏಳಿದ್ರೆ ಇಲ್ಲ ಅನ್ನಲ್ಲ ಮೇಡಂ. ಆದ್ರೆ ಮಿಕ್ಕ ಬಾಡಿಗೆಯೋರು ಖಾಲಿ ಮಾಡ್ತೀವಿ ಅಂತವ್ರೆ.” ಜೊತೆಗೊಬ್ಬ ಬಸು ಇದ್ದ ಎನ್ನುವುದೊಂದೇ ಮಲ್ಲುವಿನ ಪುಣ್ಯ. ಅವನೂ ಆ ರೂಮು ಬಿಟ್ಟು, ಸ್ನೇಹಿತನೊಂದಿಗೆ ಇನ್ನೊಂದು ರೂಮು ಹುಡುಕಿದ.

ಆ ಮಳೆಗಾಲದಲ್ಲಿ ಮೇಡಂ ನಮ್ಮ ಭಾಗದ ಡಾಕ್ಟರುಗಳನ್ನೆಲ್ಲ ಒಂದು ಭಾನುವಾರ ಸೇರಿಸಿದರು. ಇಂಥ ರೋಗಿ ಬಂದರೆ ಮೊದಲ ಒಂದು ಗಂಟೆ ಏನು ಮಾಡಬೇಕು ಎಂಬುದಷ್ಟೇ ವಿಷಯ. ಜನ ಬಂದರು, ಊಟವೂ ಚೆನ್ನಾಗಿತ್ತು. ಮೇಡಂ ಮಾತು ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. “ಮೇಡಂ, ರಿಸ್ಕ್ ಯಾಕೆ? ರೆಫರ್ ಮಾಡಿದ್ರೆ ಆಯ್ತಲ್ಲ.” ಕೆಲವರು ತಲೆದೂಗಿದರು. ಮೇಡಂ ಬೈಯುತ್ತಾರೆಂದು ನಾನು ಅವರತ್ತ ನೋಡಿದೆ. ಬೈಯಲಿಲ್ಲ. ಮೈಕ್ ಕೆಳಗಿಟ್ಟು ಕೂತುಬಿಟ್ಟರು. ಅವರು ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ. ವಾಟ್ಸಾಪಿನಲ್ಲಿ ‘ಮೃದುಭಾಷಿ’ ಎಂದು ಬರೆದವರು ಆ ಹಿಂದಿನ ಸಾಲಿನವರೇ.

ನಿಮಗ್ಯಾಕೆ ಮೇಡಂ ಇಂಥ ರೋಗಿಗಳ ಮೇಲೆ ಇಷ್ಟು ಕಾಳಜಿ ಎಂದು ವಾಪಸ್ಸು ಬರುವಾಗ ಕಾರಿನಲ್ಲಿ ಕೇಳಿದ್ದೆ. ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೇನೋ ಎಂಬ ಊಹೆ ನನ್ನದು. “ಕಾರಣ ಬೇಕಾ ನಿಂಗೆ? ಬಾಗಿಲಿಗೆ ಬಂದ. ಅದೇ ಕಾರಣ” ಎಂದು ಗೇರ್ ಬದಲಿಸಿದರು.

ಮಲ್ಲು ಆ ಮೇಲೆ ಒಮ್ಮೆ ಮಾತ್ರೆ ನಿಲ್ಲಿಸಿದ. ಹೊಸದಾಗಿ ಸೇರಿದ ಕೆಲಸದ ಕಡೆಯವರು ಅವನು ಮಾತ್ರೆ ನುಂಗುವುದನ್ನು ನೋಡಿ ಏನೋ ಅಂದರಂತೆ. ಮತ್ತೆ ಅದೇ ಟ್ಯಾಂಕು, ಅದೇ ಮಷೀನು. ಈ ಸಲ ಬಸು ಹಗ್ಗ ಹುಡುಕದೆ ಆಟೋ ಹತ್ತಿಸಿಕೊಂಡು ನೇರ ಬಂದ. ಬೇಗ ಹಿಡಿತಕ್ಕೆ ಬಂತು. ಆದರೆ ಮದುವೆ ಮುರಿದುಬಿತ್ತು. ಗಂಗವ್ವ ತಮ್ಮನನ್ನು ಊರಿಗೆ ಕರೆದೊಯ್ದರು. ಅಲ್ಲಿಂದ ತಿಂಗಳಿಗೊಮ್ಮೆ ಅವನು ಮೇಡಂಗೆ ಫೋನ್ ಮಾಡಬೇಕು. ಮಾಡದಿದ್ದರೆ ಮೇಡಂ ಮಾಡಿ ಬೈಯುತ್ತಿದ್ದರು. ನಾನು ಬೇರೆ ಕೆಲಸ ಹಿಡಿದು ಬೆಂಗಳೂರಿನ ಇನ್ನೊಂದು ತುದಿಯ ಹೂಡಿಯ ಕಡೆ ಹೋದ ಮೇಲೂ ಅದು ನಡೆದೇ ಇತ್ತು. ಹೃದಯದ ಆಪರೇಷನ್ ಆಗಿ ಅವರು ಕ್ಲಿನಿಕ್ ಮುಚ್ಚಿದ ಮೇಲೂ ನಿಲ್ಲಲಿಲ್ಲ. ಅವರನ್ನು ನೋಡಲು ಮನೆಗೆ ಹೋದಾಗ, ಹಾಸಿಗೆಯ ಮೇಲೆ ಒರಗಿಕೊಂಡೇ ಫೋನಿನಲ್ಲಿ ಯಾರಿಗೋ ದಬಾಯಿಸುತ್ತಿದ್ದರು. “ಬಿಸಿಲಲ್ಲಿ ಟೋಪಿ ಹಾಕ್ಕೋ ಅಂದಿದ್ನಾ ಇಲ್ವಾ?” ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ.

ಮೇಡಂ ಹೋದ ಸುದ್ದಿಯನ್ನು ಗಂಗವ್ವನಿಗೆ ಮುಟ್ಟಿಸಬೇಕಿತ್ತು. ಗುಂಪಿನ ಆ ಸಂದೇಶ ಓದಿದ ಮರುದಿನ ಫೋನ್ ಮಾಡಿದೆ. ಆಕೆ ಮಾತಾಡಲಾರದೆ ತಮ್ಮನ ಕೈಗೆ ಕೊಟ್ಟರು. ಮಲ್ಲು ಹೊಲದಲ್ಲಿದ್ದನೆಂದು ಕಾಣುತ್ತದೆ, ಗಾಳಿಯ ಸದ್ದು ಬರುತ್ತಿತ್ತು. ಮಾತ್ರೆ ತಪ್ಪಿಸಿಲ್ಲ, ಅಕ್ಕನ ಜೊತೆ ದುಡಿಯುತ್ತಿದ್ದೇನೆ ಎಂದ. ಆಮೇಲೆ ದನಿ ತಗ್ಗಿಸಿದ.

“ಮೇಡಂಗ ಒಂದು ಮಾತು ಹೇಳಿದ್ದಿಲ್ರಿ. ಒಮ್ಮೊಮ್ಮೆ ಇನ್ನೂ ಕೇಳಸ್ತದ. ಸಣ್ಣಗ. ಹೇಳಿದ್ರ ಮನಸಿಗೆ ಹಚಗೋತಾರ, ಎದಿ ಆಪರೇಷನ್ ಆಗೇತಿ ಅಂತ ಸುಮ್ಮನಿದ್ದೆ. ಈ ವಾರ ಜರಾ ಜಾಸ್ತಿ ಆಗೇತ್ರಿ. ಈಗ ಯಾರಿಗಿ ತೋರಿಸ್ಲಿ?”

ಜಿಲ್ಲಾ ಆಸ್ಪತ್ರೆ ದೂರ, ಅಲ್ಲಿ ಮನೋವೈದ್ಯರು ಯಾವ ದಿನ ಕೂರುತ್ತಾರೋ ಗೊತ್ತಿಲ್ಲ. ಟೆರೇಸಿನ ದಿನದಂತೆ ಸಾಯಿ ಎನ್ನುತ್ತವೆಯಾ ಎಂದು ನೇರವಾಗಿ ಕೇಳಿದೆ. “ಅಂಥಾದ್ದೇನೂ ಹೇಳಂಗಿಲ್ರಿ ಈಗ, ಬರೇ ಹೆಸರು” ಎಂದ. ಒಬ್ಬನೇ ಇರಬೇಡ, ಅಕ್ಕನಿಗೆ ಇವತ್ತೇ ಹೇಳು ಎಂದೆ. ಊರಿನಲ್ಲಿ ಡಾಕ್ಟರಿದ್ದಾರಾ ಎಂದು ಕೇಳಿದೆ.

“ಅದಾರ್ರಿ ಒಬ್ರು, ಬಸ್ ಸ್ಟ್ಯಾಂಡ್ ಕಡೆ. ಹೊಟ್ಟಿ ಬ್ಯಾನಿ, ಕೆಮ್ಮು, ಇಂಥಾದ್ದಕ್ಕ ಛಲೋ ನೋಡ್ತಾರ.”

ನಂಬರು ತೆಗೆದುಕೊಂಡು ಆಗಲೇ ಫೋನ್ ಮಾಡಿದೆ. ಎತ್ತಿದವರದು ವಯಸ್ಸಾದ ದನಿ, ಹಿಂದೆ ಮಕ್ಕಳ ಅಳು, ರೋಗಿಗಳ ಗದ್ದಲ. ವಿಷಯ ಹೇಳಿದೆ.

“ನಾ ಇಂಥಾದ್ದೆಲ್ಲ ನೋಡಂಗಿಲ್ರಿ ಮೇಡಂ. ಜಿಲ್ಲಾಕ್ಕ ಕಳಿಸಿಬಿಡ್ರಿ.”

“ಕಳಿಸೋಣ ಸಾರ್. ಅಲ್ಲಿ ಯಾರಾದ್ರೂ ನೋಡೋವರೆಗೆ ಅವನು ನಿಮ್ಮ ಊರಲ್ಲೇ ಇರ್ತಾನೆ. ಸಂಜೆ ನಿಮ್ಮ ಹತ್ರ ಬಂದಾಗ ಏನು ಕೇಳಬೇಕು, ಏನು ಮಾಡಬೇಕು, ಅಷ್ಟು ಹೇಳ್ತೀನಿ. ಫೋನ್ ಇಡಬೇಡಿ, ದಯವಿಟ್ಟು.”

ಆ ಕಡೆ ಕುರ್ಚಿ ಎಳೆದ ಸದ್ದು, ಯಾರಿಗೋ “ಸ್ವಲ್ಪ ಹೊರಗ ಕುಂದರ್ರಿ” ಎಂದದ್ದು ಕೇಳಿಸಿತು. ನಾನು ಹೇಳತೊಡಗಿದೆ. ಅವರು ಫೋನ್ ಇಡಲಿಲ್ಲ.